ಏಳೆಂಟಲೆ ಎಷ್ಟು ಎಂದರೆ ಮಗಳು ಏಳೊಂದಲೆಯಿಂದ ಶುರು ಮಾಡುತ್ತಾಳೆ, ಏನು ಮಾಡಲಿ?

ವಿದ್ಯಾನಗರದ ಅಮ್ಮ, ದಾವಣಗೆರೆ
ಸೋಮವಾರ, ರಾತ್ರಿ 9.40

ನನ್ನ ಮಗಳಿಗೆ ಎಂಟು ವರ್ಷ, ಮೂರನೇ ತರಗತಿ. ಎರಡರಿಂದ ಹತ್ತರವರೆಗೆ ಮಗ್ಗಿ ಒಪ್ಪಿಸು ಎಂದರೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾಳೆ. ನಡುವಿನಿಂದ ಒಂದು ಪ್ರಶ್ನೆ ಕೇಳಿದರೆ ಮಾತ್ರ ನಿಂತುಬಿಡುತ್ತಾಳೆ. ಏಳೆಂಟಲೆ ಎಷ್ಟು ಎಂದು ಕೇಳಿದರೆ ತುಟಿ ಅಲುಗಿಸುತ್ತಾ ಏಳೊಂದಲೆ ಏಳು, ಏಳೆರಡಲೆ ಹದಿನಾಲ್ಕು ಎಂದು ಮೊದಲಿನಿಂದಲೇ ಬರಬೇಕು. ನಡುವೆ ಎಲ್ಲಾದರೂ ತಪ್ಪಿದರೆ ಮತ್ತೆ ಏಳೊಂದಲೆ.

ಶಾಲೆಯಲ್ಲಿ ವಾರಕ್ಕೊಮ್ಮೆ ಎರಡು ನಿಮಿಷಕ್ಕೆ 20 ಲೆಕ್ಕದ ಪರೀಕ್ಷೆ ಇದೆ. ಕಳೆದ ಶುಕ್ರವಾರ ಒಂಬತ್ತು ಲೆಕ್ಕ ಬಿಟ್ಟು ಬಂದಿದ್ದಾಳೆ. ಹಾಳೆಯನ್ನು ಊಟದ ಡಬ್ಬಿಯ ಕೆಳಗೆ ಮಡಚಿಟ್ಟಿದ್ದಳು. ನಾನು ಬೈದೆ, ಬೈದದ್ದು ತಪ್ಪು ಎಂದು ಗೊತ್ತಾಗುತ್ತಿದೆ. ಈಗ ನಾನು ಸ್ಲೇಟು ಕೈಗೆ ತೆಗೆದುಕೊಂಡರೆ ಹೊಟ್ಟೆನೋವು ಎನ್ನುತ್ತಾಳೆ. ದಿನಕ್ಕೆ ಹತ್ತು ಸಲ ಮಗ್ಗಿ ಬರೆಸಿ ನೋಡಿದ್ದೇನೆ, ಅಕ್ಷರ ದುಂಡಗಾಗಿದೆಯೇ ಹೊರತು ಬೇರೇನೂ ಆಗಿಲ್ಲ. ಮಕ್ಕಳಿಗೆ ಕಲಿಸಿ ಅನುಭವ ಇರುವವರು ದಯವಿಟ್ಟು ಹೇಳಿ.

ಹರಿಹರದ ತಂದೆ
ಸೋಮವಾರ, ರಾತ್ರಿ 10.05

ನಮ್ಮ ಮನೆಯಲ್ಲಿ ಮಗ್ಗಿಯ ಚಾರ್ಟನ್ನು ಊಟಕ್ಕೆ ಕೂರುವ ಜಾಗದ ಎದುರಿನ ಗೋಡೆಗೆ ಅಂಟಿಸಿದ್ದೇವೆ. ಮೊಬೈಲ್‌ನಲ್ಲಿ ಮಗ್ಗಿಯ ಆಟದ ಆ್ಯಪ್‌ಗಳೂ ಇವೆ, ಮಗ ಇಷ್ಟಪಟ್ಟು ಆಡುತ್ತಾನೆ.

ವಿದ್ಯಾನಗರದ ಅಮ್ಮ
ಸೋಮವಾರ, ರಾತ್ರಿ 10.20

ಆ್ಯಪ್ ಹಾಕಿ ನೋಡಿದೆವು ಸರ್. ನಾಲ್ಕು ಉತ್ತರ ಕೊಟ್ಟು ಒಂದನ್ನು ಒತ್ತು ಎನ್ನುತ್ತದೆ. ಅವಳು ಲೆಕ್ಕ ಮಾಡುವುದಿಲ್ಲ, ಒಂದಾದ ಮೇಲೊಂದು ಒತ್ತುತ್ತಾ ಹೋಗುತ್ತಾಳೆ.

ನಿವೃತ್ತ ಮೇಷ್ಟ್ರು, ಜಗಳೂರು
ಮಂಗಳವಾರ, ಬೆಳಿಗ್ಗೆ 6.15

ತಂಗೀ, ಮಗು ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ ಎಂದಿರಲ್ಲ, ಅದನ್ನು ಕಡಿಮೆ ಎಂದು ಎಣಿಸಬೇಡಿ. ಇತ್ತೀಚೆಗೆ ಬಾಯಿಪಾಠ ಎಂದರೆ ಮೂಗು ಮುರಿಯುವವರು ಹೆಚ್ಚಾಗಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ನಮ್ಮ ಮಗ್ಗಿಗೆ ಒಂದು ಲಯ ಇದೆ. ಎರಡೆರಡಲೆ ನಾಲ್ಕು, ಆರಾರಲೆ ಮೂವತ್ತಾರು, ಏಳೇಳಲೆ ನಲವತ್ತೊಂಬತ್ತು: ಎರಡು ಸಂಖ್ಯೆಗಳು ಸಂಧಿಯಾಗಿ ಒಂದೇ ಪದವಾಗಿಬಿಡುತ್ತವೆ. ಕಿವಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅರವತ್ತು ವರ್ಷದ ಹಿಂದೆ ಕಲಿತದ್ದು ನನಗೆ ಇಂದಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತದೆ.

ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕುಳಿತು ಇಪ್ಪತ್ತರವರೆಗೆ ಹೇಳಬೇಕಿತ್ತು. ನಮ್ಮ ತಂದೆಯವರು ಅದರ ಮೇಲೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಹೇಳಿಸುತ್ತಿದ್ದರು. ಅವರ ಕಾಲಕ್ಕೆ ಅದು ಬೇಕೇಬೇಕಿತ್ತು. 1957ರ ಏಪ್ರಿಲ್‌ನಲ್ಲಿ ನೂರು ಪೈಸೆಯ ಲೆಕ್ಕ ಬರುವವರೆಗೆ ರೂಪಾಯಿಗೆ 16 ಆಣೆ. ಮಣಕ್ಕೆ 40 ಸೇರು, ಸೇರಿಗೆ 80 ತೊಲ. ಹದಿನಾರರ ಮಗ್ಗಿ ಬಾರದವನು ಸಂತೆಯಲ್ಲಿ ಕೈಸುಟ್ಟುಕೊಳ್ಳುತ್ತಿದ್ದ. ಈಗಿನ ಮಗುವಿಗೆ ಅಷ್ಟು ಬೇಡ. ಹತ್ತರವರೆಗೆ ಗಟ್ಟಿಯಾದರೆ ಉಳಿದದ್ದನ್ನು ಅದೇ ಕಟ್ಟಿಕೊಳ್ಳುತ್ತದೆ.

ನಿಮ್ಮ ಮಗಳಿಗೆ ಹತ್ತುವುದು ಗೊತ್ತಿದೆ, ಇಳಿಯುವುದು ಗೊತ್ತಿಲ್ಲ. ಕೆಳಮುಖವಾಗಿ ಹೇಳಿಸಿ. ಏಳು ಹತ್ತಲೆ ಎಪ್ಪತ್ತು, ಏಳೊಂಬತ್ತಲೆ ಅರವತ್ತಮೂರು, ಏಳೆಂಟಲೆ ಐವತ್ತಾರು. ಹಾಗೆಯೇ ಐದನ್ನು ನಡುವಿನ ಕಟ್ಟೆಯಾಗಿ ಮಾಡಿ. ಏಳೈದಲೆ ಮೂವತ್ತೈದು ಎಂಬಲ್ಲಿಂದ ಆರಂಭಿಸಿ ಮೇಲೆ ಹೋಗಲಿ. ಒಂದು, ಐದು, ಹತ್ತು, ಈ ಮೂರು ಕಡೆಯಿಂದ ಒಳಗೆ ಬರಲು ಕಲಿತರೆ ಯಾವ ಲೆಕ್ಕವೂ ಎರಡು ಹೆಜ್ಜೆಗಿಂತ ದೂರ ಇರುವುದಿಲ್ಲ.

ನಲಿ ಕಲಿ ಶಿಕ್ಷಕಿ, ಹೊಸದುರ್ಗ ತಾಲ್ಲೂಕು
ಮಂಗಳವಾರ, ಸಂಜೆ 5.30

ಮೇಷ್ಟ್ರು ಹೇಳಿದ ಐದರ ಕಟ್ಟೆಯನ್ನು ನಾನೂ ತರಗತಿಯಲ್ಲಿ ಬಳಸುತ್ತೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿ ಕಲಿ ಕೊಠಡಿ ನನ್ನದು. ಕೇಳಿದ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಪ್ರತಿ ವರ್ಷವೂ ಇಂಥ ನಾಲ್ಕಾರು ಮಕ್ಕಳು ನನ್ನ ಮುಂದೆ ಕೂರುತ್ತಾರೆ. ಅವರು ಮಗ್ಗಿಯನ್ನು ಪದ್ಯದಂತೆ ಕಲಿತಿರುತ್ತಾರೆ. ಪದ್ಯದ ನಾಲ್ಕನೇ ಸಾಲು ಹೇಳು ಎಂದರೆ ನಾವೂ ಮೊದಲಿನಿಂದಲೇ ಹೇಳಿಕೊಂಡು ಬರುತ್ತೇವಲ್ಲವೇ? ಮಗಳು ದಡ್ಡಿಯಲ್ಲ, ಅವಳ ಬಳಿ ಇರುವುದು ಒಂದೇ ಬಾಗಿಲು.

ಮೊದಲು ಭಯ ಕಡಿಮೆಯಾಗಬೇಕು. ಅದಕ್ಕೆ ನಾನು ಮಾಡುವುದು ಇಷ್ಟೇ. ಹತ್ತು ಸಾಲು, ಹತ್ತು ಕಂಬದ ಚೌಕಗಳ ಒಂದು ಹಾಳೆ ಮಾಡಿ. ಒಟ್ಟು ನೂರು ಮನೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದಕ್ಕೆ ಈಗಾಗಲೇ ಬರುವುದನ್ನೆಲ್ಲ ಬಣ್ಣದ ಪೆನ್ಸಿಲ್‌ನಿಂದ ತುಂಬಿಸುತ್ತಾ ಹೋಗಿ. ಮೂರೇಳಲೆ, ಏಳ್ಮೂರಲೆ ಎರಡೂ ಒಂದೇ ಎಂದು ತಿಳಿದ ಕೂಡಲೇ ನೂರರಲ್ಲಿ ಉಳಿಯುವುದು 55. ಒಂದು, ಎರಡು, ಐದು, ಹತ್ತರ ಮಗ್ಗಿ ಎಲ್ಲ ಮಕ್ಕಳಿಗೂ ಬರುತ್ತದೆ. ಅದನ್ನು ತುಂಬಿಸಿದರೆ ಉಳಿಯುವುದು 21 ಮಾತ್ರ. ನೂರು ಎಂದು ಹೆದರಿ ಕುಳಿತಿದ್ದ ಮಗು ಈ ಇಪ್ಪತ್ತೊಂದನ್ನು ನೋಡಿ ಮೊದಲ ಸಲ ನೆಟ್ಟಗೆ ಕೂರುತ್ತದೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಒಂಬತ್ತು. ಹತ್ತರಷ್ಟು ತೆಗೆದುಕೊಂಡು ಒಂದು ಪಾಲು ಹಿಂದೆ ಕೊಡುವುದು. ಒಂಬತ್ತಾರಲೆ ಎಂದರೆ 60ರಲ್ಲಿ 6 ಕಳೆದು 54. ಬೆರಳಿನ ಉಪಾಯವೂ ಇದೆ: ಹತ್ತು ಬೆರಳು ಬಿಡಿಸಿ ಎಡದಿಂದ ಆರನೆಯದನ್ನು ಮಡಚಿದರೆ ಎಡಕ್ಕೆ ಐದು, ಬಲಕ್ಕೆ ನಾಲ್ಕು. ಇದರಿಂದ ಆರು ಹೋಗಿ ಉಳಿಯುವುದು 15. ನಾಲ್ಕು ಎಂದರೆ ಎರಡರ ದುಪ್ಪಟ್ಟು. ನಾಲ್ಕೇಳಲೆ ಗೊತ್ತಿಲ್ಲದಿದ್ದರೆ ಎರಡೇಳಲೆ 14, ಇನ್ನೊಂದು 14 ಸೇರಿಸಿದರೆ 28. ಉಳಿಯುವುದು 10. ಮೂರು ಎಂದರೆ ದುಪ್ಪಟ್ಟಿಗೆ ಇನ್ನೊಂದು ಪಾಲು. ಕೊನೆಗೆ ಉಳಿಯುವುದು ಆರೇ ಆರು ಲೆಕ್ಕ. ಆರಾರಲೆ 36, ಆರೇಳಲೆ 42, ಆರೆಂಟಲೆ 48, ಏಳೇಳಲೆ 49, ಏಳೆಂಟಲೆ 56, ಎಂಟೆಂಟಲೆ 64.

ಈ ಆರನ್ನು ಮಾತ್ರ ಆರು ಚೀಟಿಯಲ್ಲಿ ಬರೆದು ಒಂದೊಂದನ್ನೇ ಕಲಿಸಿ. ವಾರಕ್ಕೆ ಒಂದು ಸಾಕು. ಹೊಸ ಚೀಟಿ ಒಂದಾದರೆ ಅದರ ಜೊತೆ ಚೆನ್ನಾಗಿ ಬರುವ ಐದಾರು ಹಳೆಯ ಚೀಟಿ ಬೆರೆಸಿ ಕೇಳಿ, ಗೆಲುವು ಹೆಚ್ಚು ಸಿಗುವಂತೆ. ದಿನಕ್ಕೆ ಹತ್ತು ನಿಮಿಷ, ಅದರ ಮೇಲೆ ಒಂದು ನಿಮಿಷವೂ ಬೇಡ. ಗಡಿಯಾರ ಇಡಬೇಡಿ. ಎರಡು ನಿಮಿಷದ ಪರೀಕ್ಷೆ ಕಲಿತ ಮಗುವಿನ ವೇಗ ನೋಡಲು ಆಗಬಹುದು, ಕಲಿಯುತ್ತಿರುವ ಮಗುವಿಗೆ ಅದು ಬರೀ ಹೆದರಿಕೆ. ಶಿಕ್ಷಕರ ಬಳಿ ಮಾತನಾಡಿ ನೋಡಿ.

ಇನ್ನೊಂದು ಮಾತು. ಏಳು ಸೊನ್ನೆಯಲೆ ಎಷ್ಟು ಎಂದು ಕೇಳಿ ನೋಡಿ. ಅನೇಕ ಮಕ್ಕಳು ಏಳು ಎನ್ನುತ್ತಾರೆ. ಹಾಗೆಂದರೆ ಗುಣಾಕಾರ ಎಂದರೇನು ಎಂಬುದೇ ಇನ್ನೂ ಕೈಗೆ ಸಿಕ್ಕಿಲ್ಲ ಎಂದರ್ಥ. ಆಗ ಮಗ್ಗಿ ಬಿಟ್ಟು ಬಟ್ಟಲಿನಲ್ಲಿ ಕಡಲೆಕಾಯಿ ಹಂಚುವುದರಿಂದ ಆರಂಭಿಸಬೇಕು. ಏಳು ಬಟ್ಟಲು, ಒಂದರಲ್ಲೂ ಕಾಯಿ ಇಲ್ಲ, ಒಟ್ಟು ಎಷ್ಟು?

ಚಳ್ಳಕೆರೆಯ ವ್ಯಾಪಾರಿ
ಮಂಗಳವಾರ, ರಾತ್ರಿ 8.50

ಮೇಡಂ ಹೇಳಿದ್ದು ಚೆನ್ನಾಗಿದೆ, ಆದರೆ ನನ್ನದೊಂದು ತಕರಾರು ಇದೆ. ಬೆರಳು ಮಡಚುವುದು, ದುಪ್ಪಟ್ಟು ಮಾಡುವುದು ಎಂದು ಕಲಿಸಿದರೆ ಮಗು ಜೀವನವಿಡೀ ಬೆರಳೇ ಮಡಚುತ್ತಾ ಕೂರುವುದಿಲ್ಲವೇ? ನಮ್ಮ ಮಂಡಿಯಲ್ಲಿ ಶೇಂಗಾ ಚೀಲ ಅಟ್ಟಿ ಹಾಕಿದಾಗ ಯಾರೂ ಒಂದೊಂದಾಗಿ ಎಣಿಸುವುದಿಲ್ಲ. ಸಾಲಿಗೆ ಆರು, ಎತ್ತರಕ್ಕೆ ಎಂಟು ಎಂದು ನೋಡಿದ ಕೂಡಲೇ ನಲವತ್ತೆಂಟು ಎನ್ನುತ್ತಾರೆ, ಹಿಂದೆ ಇನ್ನೊಂದು ಅಟ್ಟಿ ಇದ್ದರೆ ತೊಂಬತ್ತಾರು. ಶಾಲೆಯ ಮೆಟ್ಟಿಲು ಹತ್ತದ ಹಮಾಲರಿಗೂ ಅದು ಬಾಯಲ್ಲಿದೆ. ಯೋಚಿಸದೆ ಬರಬೇಕು, ಅದೇ ಮಗ್ಗಿ.

ನಲಿ ಕಲಿ ಶಿಕ್ಷಕಿ, ಹೊಸದುರ್ಗ ತಾಲ್ಲೂಕು
ಮಂಗಳವಾರ, ರಾತ್ರಿ 9.15

ಕೊನೆಗೆ ಯೋಚಿಸದೆ ಬರಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ ಸರ್. ಮುಂದೆ ಭಾಗಾಕಾರ, ಭಿನ್ನರಾಶಿ ಬಂದಾಗ ಆರೆಂಟಲೆ ಎಷ್ಟು ಎಂದು ತಡಕಾಡುತ್ತಿದ್ದರೆ ಲೆಕ್ಕದ ಅರ್ಧ ದಾರಿಯಲ್ಲೇ ಮಗು ಸುಸ್ತಾಗುತ್ತದೆ. ಆದರೆ ನಿಮ್ಮ ಹಮಾಲರನ್ನೇ ನೋಡಿ. ಅವರು ನಲವತ್ತೆಂಟನ್ನು ಚಾರ್ಟ್ ನೋಡಿ ಕಲಿಯಲಿಲ್ಲ, ಚೀಲ ಹೊತ್ತು ಕಲಿತರು. ಅಟ್ಟಿಯೇ ಅವರ ಮಗ್ಗಿ. ಬೆರಳು ಮಡಚುವ ಮಗು ಕೆಲವು ತಿಂಗಳಲ್ಲಿ ತಾನಾಗಿ ಅದನ್ನು ಬಿಡುತ್ತದೆ, ಏಕೆಂದರೆ ಬೆರಳಿಗಿಂತ ನೆನಪು ಬೇಗ. ನಾವು ಬೈದು ಬಿಡಿಸಿದರೆ ಮೇಜಿನ ಕೆಳಗೆ ಕೈ ಇಟ್ಟುಕೊಂಡು ಎಣಿಸುತ್ತದೆ, ಅಷ್ಟೇ ವ್ಯತ್ಯಾಸ.

ಹೊಳಲ್ಕೆರೆಯ ಅಜ್ಜಿ
ಬುಧವಾರ, ಬೆಳಿಗ್ಗೆ 7.30

ನನ್ನ ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನನಗೆ ಶಾಲೆ ಓದು ಹೆಚ್ಚಿಲ್ಲ, ರಂಗೋಲಿ ಬರುತ್ತದೆ. ಏಳು ಚುಕ್ಕಿ ಏಳು ಸಾಲು ಎಂದರೆ ನಲವತ್ತೊಂಬತ್ತು ಎಂದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಮೊಮ್ಮಗಳಿಗೆ ಅಂಗಳದಲ್ಲಿ ಏಳು ಚುಕ್ಕಿಯಂತೆ ಎಂಟು ಸಾಲು ಇಡು ಎಂದೆ. ಕೆಳಗಿನ ಮೂರು ಸಾಲಿನ ಮೇಲೆ ಟವೆಲ್ ಹಾಸಿ, ಕಾಣುವುದು ಎಷ್ಟು ಎಂದು ಕೇಳಿದೆ. ಐದು ಸಾಲು, ಮೂವತ್ತೈದು ಎಂದಳು. ಟವೆಲ್ ಎತ್ತಿ ಮೇಲಿನದನ್ನು ಮುಚ್ಚಿದೆ. ಇಪ್ಪತ್ತೊಂದು ಎಂದಳು. ಎರಡನ್ನೂ ಸೇರಿಸಿದಳು, ಐವತ್ತಾರು. ಆಮೇಲೆ ಪಕ್ಕದ ಗೋಡೆಯ ಕಡೆಯಿಂದ ಬಂದು ನಿಂತು ನೋಡು ಎಂದೆ. ಅಲ್ಲಿಂದ ಎಂಟು ಚುಕ್ಕಿಯ ಏಳು ಸಾಲು ಕಾಣುತ್ತದೆ. ಚುಕ್ಕಿ ಅಷ್ಟೇ ಇದೆ, ನಿಂತ ಜಾಗ ಬೇರೆ. ದಿನವೂ ಬಾಗಿಲ ಮುಂದೆ ಹಾಕುವುದೇ ತಾನೇ, ಅದರಲ್ಲೇ ಒಂದು ಲೆಕ್ಕ ಆಗಲಿ.

ನಿವೃತ್ತ ಮೇಷ್ಟ್ರು, ಜಗಳೂರು
ಬುಧವಾರ, ಬೆಳಿಗ್ಗೆ 8.10

ಅಮ್ಮಾ, ಬಹಳ ವರ್ಷ ಪಾಠ ಮಾಡಿದ್ದೇನೆ, ಈ ಟವೆಲ್ ನನಗೆ ಹೊಳೆದಿರಲಿಲ್ಲ. ನಮಸ್ಕಾರ.

ನಿಟ್ಟುವಳ್ಳಿಯ ಅಕ್ಕ, ದಾವಣಗೆರೆ
ಬುಧವಾರ, ಮಧ್ಯಾಹ್ನ 2.00

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಮಗು ಇಂಗ್ಲಿಷ್ ಮಾಧ್ಯಮವೇ? ನನ್ನ ಮಗನಿಗೂ ಇದೇ ತೊಂದರೆ ಇತ್ತು. ಶಾಲೆಯಲ್ಲಿ ಸೆವೆನ್ ಎಯ್ಟ್ಸ್, ಮನೆಯಲ್ಲಿ ಅಜ್ಜನ ಹತ್ತಿರ ಏಳೆಂಟಲೆ. ಐವತ್ತಾರು ಎಂದರೆ ಫಿಫ್ಟಿ ಸಿಕ್ಸ್ ಎಂಬುದೇ ಅವನಿಗೆ ಗಟ್ಟಿಯಾಗಿರಲಿಲ್ಲ. ಅರವತ್ತೈದು ಎಂದು ಹೇಳಿ ಐವತ್ತಾರು ಬರೆಯುತ್ತಿದ್ದ. ಎಪ್ಪತ್ತು, ಎಂಬತ್ತು ಅವನ ಕಿವಿಗೆ ಒಂದೇ. ನಾವು ಅದನ್ನು ಮಗ್ಗಿಯ ತಪ್ಪು ಎಂದುಕೊಂಡು ಆರು ತಿಂಗಳು ಬೈದೆವು. ನಿಜಕ್ಕೂ ಅವನಿಗೆ ಬರದೇ ಇದ್ದದ್ದು ಸಂಖ್ಯೆಗಳ ಹೆಸರು.

ಆಮೇಲೆ ಮಗ್ಗಿಯನ್ನು ನಿಲ್ಲಿಸಿ ಒಂದು ತಿಂಗಳು ಸಂಖ್ಯೆಗಳನ್ನು ಮಾತ್ರ ಎರಡೂ ಭಾಷೆಯಲ್ಲಿ ಹೇಳಿಸಿದೆ. ಬಸ್ಸಿನ ನಂಬರು, ಅಂಗಡಿಯ ಬಿಲ್ಲು, ಪುಸ್ತಕದ ಪುಟ. ಕನ್ನಡದಲ್ಲಿ ಐವತ್ತು ಮತ್ತು ಆರು ಸೇರಿ ಐವತ್ತಾರು ಎಂದು ಬಿಡಿಸಿ ತೋರಿಸಿದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ನಂತರ ಮಗ್ಗಿ ಒಂದೇ ಭಾಷೆಯಲ್ಲಿ, ನಾವು ಕನ್ನಡ ಆರಿಸಿಕೊಂಡೆವು. ಶಾಲೆಯಲ್ಲಿ ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಲಿ, ಮನಸ್ಸಿನೊಳಗೆ ಅದು ಐವತ್ತಾರಾಗಿಯೇ ಇರಲಿ. ಎರಡನ್ನೂ ಕಲಸಿದರೆ ಎರಡೂ ನಿಲ್ಲುವುದಿಲ್ಲ ಎಂಬುದು ನನ್ನ ಅನುಭವ.

ಚಿತ್ರದುರ್ಗದ ತಂದೆ
ಬುಧವಾರ, ರಾತ್ರಿ 9.00

ಏಳು ಸುತ್ತಿನ ಕೋಟೆಯ ಊರಿನವರು ನಾವು, ಏಳರ ಮಗ್ಗಿಗೆ ಹೆದರಿದರೆ ಹೇಗೆ ಎಂದು ಮಗನನ್ನು ಭಾನುವಾರ ಬೆಳಿಗ್ಗೆ ಕೋಟೆಗೆ ಕರೆದುಕೊಂಡು ಹೋದೆ. ಏಳು ಮೆಟ್ಟಿಲಿಗೆ ಒಮ್ಮೆ ನಿಂತು ಸಂಖ್ಯೆ ಹೇಳಬೇಕು. ಏಳು, ಹದಿನಾಲ್ಕು, ಇಪ್ಪತ್ತೊಂದು. ಕಾಲಿಗೆ ಆಯಾಸವಾದಂತೆ ಸಂಖ್ಯೆ ಮನಸ್ಸಿಗೆ ಇಳಿಯಿತು. ಇನ್ನೊಂದು, ಗೋಡೆಯ ಕ್ಯಾಲೆಂಡರ್ ನೋಡಿ. ಒಂದನೇ ತಾರೀಖು ಸೋಮವಾರ ಆದ ತಿಂಗಳಲ್ಲಿ ಭಾನುವಾರಗಳೆಲ್ಲ 7, 14, 21, 28. ಮಕ್ಕಳು ರಜೆಯ ದಿನವನ್ನು ಮರೆಯುವುದಿಲ್ಲ.

ವಿದ್ಯಾನಗರದ ಅಮ್ಮ
ಮೂರು ವಾರಗಳ ನಂತರ, ಭಾನುವಾರ ರಾತ್ರಿ 8.30

ಎಲ್ಲರಿಗೂ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೊದಲು ಶಿಕ್ಷಕಿ ಮೇಡಂ ಹೇಳಿದ ಸೊನ್ನೆಯ ಪ್ರಶ್ನೆ ಕೇಳಿದೆ. ಏಳು ಎಂದಳು. ಮೂರು ವರ್ಷದಿಂದ ಶಾಲೆಗೆ ಹೋಗುವ, ಹತ್ತರವರೆಗೆ ಮಗ್ಗಿ ಒಪ್ಪಿಸುವ ಮಗು! ಆ ದಿನ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಸ್ಲೇಟನ್ನು ಅಟ್ಟಕ್ಕೆ ಹಾಕಿ ಬಟ್ಟಲು ಮತ್ತು ಕಡಲೆಕಾಯಿ ತೆಗೆದೆ. ನಾಲ್ಕು ದಿನ ಅದೇ.

ಆಮೇಲೆ ನೂರು ಮನೆಯ ಹಾಳೆ. ಬಣ್ಣ ತುಂಬುತ್ತಾ ಹೋದಂತೆ ಅವಳೇ ಎಣಿಸಿದಳು. ಉಳಿದದ್ದು ಆರು ಎಂದಾಗ ಇಷ್ಟೇನಾ ಎಂದು ಕೇಳಿದಳು. ಆ ಒಂದು ಪದಕ್ಕೆ ನಾನು ಈ ವೇದಿಕೆಯ ಎಲ್ಲರಿಗೂ ಋಣಿ.

ಮೊಟ್ಟೆಯ ಟ್ರೇ ಮನೆಗೆ ಬಂತು, ಐದಾರಲೆ ಮೂವತ್ತು ತಾನಾಗಿ ಬಂತು. ಕಳೆದ ವಾರ ಮದುವೆಗೆಂದು ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋದೆವು. ಒಂದು ಕಡೆ ಮೂರು ಸೀಟು, ಇನ್ನೊಂದು ಕಡೆ ಎರಡು. ನಮ್ಮ ಮುಂದೆ ಒಂಬತ್ತು ಸಾಲು ಇದೆ, ನಲವತ್ತೈದು ಜನ ಎಂದು ನಾನು ಕೇಳದೆಯೇ ಹೇಳಿದಳು. ತರಗತಿಯ ಶಿಕ್ಷಕರ ಬಳಿಯೂ ಮಾತನಾಡಿದೆ. ಒಂದು ತಿಂಗಳು ಇವಳಿಗೆ ಸಮಯದ ಮಿತಿ ಇಲ್ಲದೆ ಬರೆಯಲು ಒಪ್ಪಿದ್ದಾರೆ. ಈ ಶುಕ್ರವಾರ 20ರಲ್ಲಿ ಮೂರು ತಪ್ಪು, ಆದರೆ ಒಂದನ್ನೂ ಬಿಟ್ಟಿಲ್ಲ. ಹಾಳೆಯನ್ನು ತಾನೇ ತಂದು ತೋರಿಸಿದಳು.

ಉಳಿದಿರುವ ತೊಂದರೆ ಎಂದರೆ 54 ಮತ್ತು 56. ಆರೊಂಬತ್ತಲೆ ಎಂದರೆ ಒಮ್ಮೊಮ್ಮೆ ಐವತ್ತಾರು ಎನ್ನುತ್ತಾಳೆ, ಏಳೆಂಟಲೆ ಎಂದರೆ ಐವತ್ತನಾಲ್ಕು.

ನಲಿ ಕಲಿ ಶಿಕ್ಷಕಿ, ಹೊಸದುರ್ಗ ತಾಲ್ಲೂಕು
ಭಾನುವಾರ, ರಾತ್ರಿ 9.10

ಓದಿ ಬಹಳ ಸಂತೋಷವಾಯಿತು. 54 ಮತ್ತು 56 ತುಂಬಾ ಮಕ್ಕಳಿಗೆ ಅದಲುಬದಲಾಗುತ್ತವೆ. ಒಂಬತ್ತರ ಮಗ್ಗಿಯ ಉತ್ತರಗಳನ್ನು ಬರೆಸಿ, ಪ್ರತಿಯೊಂದರ ಅಂಕಿಗಳನ್ನು ಕೂಡಿಸಲು ಹೇಳಿ. 18, 27, 36, 45, 54, ಎಲ್ಲದರಲ್ಲೂ ಕೂಡಿದರೆ ಒಂಬತ್ತೇ ಬರುತ್ತದೆ. 56ರಲ್ಲಿ ಐದು, ಆರು ಕೂಡಿದರೆ ಹನ್ನೊಂದು, ಆದ್ದರಿಂದ ಅದು ಒಂಬತ್ತರ ಮನೆಯದಲ್ಲ. ಇನ್ನು ಏಳೆಂಟಲೆಗೆ ಐದು, ಆರು, ಏಳು, ಎಂಟು ಎಂದು ಸಾಲಾಗಿ ಬರೆಸಿ. 56 ಎಂದರೆ 7, 8. ಇಷ್ಟು ಸಾಕು.

ವಿದ್ಯಾನಗರದ ಅಮ್ಮ
ಮುಂದಿನ ಶನಿವಾರ, ಸಂಜೆ 6.00

ಐವತ್ತಾರು ನಿಂತಿತು. ಈಗ ಅವಳೇ ಒಂದು ಪ್ರಶ್ನೆ ತಂದಿದ್ದಾಳೆ, ಉತ್ತರ ನನಗೆ ಗೊತ್ತಿಲ್ಲ. ಚೀಟಿಗಳನ್ನು ಜೋಡಿಸುತ್ತಿದ್ದವಳು ಏಳೇಳಲೆ 49, ಆರೆಂಟಲೆ 48, ಒಂದೇ ಕಡಿಮೆ ಎಂದಳು. ಆಮೇಲೆ ಆರಾರಲೆ 36, ಐದೇಳಲೆ 35 ನೋಡಿದಳು. ಎಂಟೆಂಟಲೆ 64, ಏಳೊಂಬತ್ತಲೆ 63. ಯಾವಾಗಲೂ ಒಂದೇ ಏಕೆ ಕಡಿಮೆ ಎಂದು ಕೇಳುತ್ತಿದ್ದಾಳೆ. ಮೇಷ್ಟ್ರೇ, ಎಂಟು ವರ್ಷದ ಮಗುವಿಗೆ ಇದನ್ನು ಹೇಗೆ ಹೇಳಲಿ?

ನಿವೃತ್ತ ಮೇಷ್ಟ್ರು, ಜಗಳೂರು
ಶನಿವಾರ, ಸಂಜೆ 6.40

ಹೇಳಬೇಡಿ ತಂಗೀ, ಮಾಡಿಸಿ. ಹೊಳಲ್ಕೆರೆಯ ಅಮ್ಮನವರ ರಂಗೋಲಿಯೇ ಆಗುತ್ತದೆ, ಆದರೆ ಚುಕ್ಕಿಯ ಬದಲು ಹುಣಸೆ ಬೀಜ ಇಡಿಸಿ, ಎತ್ತಿ ಇಡಲು ಬರಬೇಕು. ಏಳು ಬೀಜದ ಏಳು ಸಾಲು. ಈಗ ಕೆಳಗಿನ ಒಂದು ಸಾಲನ್ನು ಪೂರ್ತಿ ಎತ್ತಿಕೊಳ್ಳಲಿ, ಕೈಗೆ ಏಳು ಬೀಜ ಬರುತ್ತದೆ. ಉಳಿದ ಆರು ಸಾಲಿನ ತುದಿಗೆ ಒಂದೊಂದು ಬೀಜ ಇಡುತ್ತಾ ಹೋಗಲಿ. ಆಗ ಪ್ರತಿ ಸಾಲಿನಲ್ಲೂ ಎಂಟು ಆಗುತ್ತದೆ. ಕೈಯಲ್ಲಿ ಎಷ್ಟು ಉಳಿಯಿತು ಎಂದು ಮಾತ್ರ ಕೇಳಿ, ಮುಂದಿನದು ಅವಳಿಗೇ ಬಿಡಿ.

ವಿದ್ಯಾನಗರದ ಅಮ್ಮ
ಶನಿವಾರ, ರಾತ್ರಿ 7.30

ಒಂದು ಬೀಜ ಉಳಿಯಿತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಪ್ಪನಿಗೆ ತೋರಿಸಲು ಓಡಿದಳು. ಈಗ ಹತ್ತು ಬೀಜದ ಹತ್ತು ಸಾಲು ಜೋಡಿಸಿ ನೋಡಬೇಕಂತೆ. ಮನೆಯಲ್ಲಿ ಅಷ್ಟು ಬೀಜ ಇಲ್ಲ, ಪಕ್ಕದ ಮನೆಯಲ್ಲಿ ಕೇಳಿ ತರಲು ಹೊರಟಿದ್ದೇನೆ.